ಅಕ್ಕನ ಹೆಸರಿಗೆ ನಾನು ಕಟ್ಟಿದ ಬಾಲ

ಸೋಮವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. "ಬೆಳಗ್ಗೆಯಿಂದ ಒಂದೂ ಕಾಲ್ ಬಂದಿಲ್ಲ ಕಣೇ. ನನ್ನ ಫೋನ್ ಕೆಟ್ಟಿದೆಯಾ ಅಂತ ನೋಡೋಕೆ ನಿನಗೆ ಮಾಡಿದೆ" ಅಂದಳು. ಫೋನ್ ಸರಿಯಾಗೇ ಇತ್ತು. ಗೂಗಲ್‌ನಲ್ಲಿ ಅವಳ ಹೆಸರು ಹಾಕಿ ಹುಡುಕಿದೆ. ಅವಳು ಕೆಲಸ ಮಾಡುವ ಕಂಪನಿ ಬಂತು, ಅದೇ ಕಟ್ಟಡದ ಇನ್ನೊಬ್ಬ ಏಜೆಂಟ್ ಬಂದರು, ಅಕ್ಕ ಮಾತ್ರ ಇಲ್ಲ. ಅವಳ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ಅವಳ ಹೆಸರು, ವಿಳಾಸ, ಫೋನ್ ತೋರಿಸುವ ಲಿಸ್ಟಿಂಗ್‌ಗೆ, ಲಾಗಿನ್ ಆಗಿ ನೋಡಿದರೆ ಅದು ಸಸ್ಪೆಂಡ್ ಆಗಿದೆ ಅಂತ ಇತ್ತು.

ತಪ್ಪು ಯಾರದು ಅಂತ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನನ್ನದೇ.

ಅಕ್ಕ ಮನೆ, ಜಾಗ ಕೊಡಿಸುವ ರಿಯಲ್ ಎಸ್ಟೇಟ್ ಏಜೆಂಟ್. ಹನ್ನೊಂದು ವರ್ಷದಿಂದ ಅದೇ ಕೆಲಸ. ಕೊಳ್ಳುವವರಿಗೆ ಮನೆ ತೋರಿಸುವುದು, ಮಾರುವವರ ಸಿಟ್ಟು ತಣಿಸುವುದು, ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ಹತ್ತು ನಿಮಿಷಕ್ಕೆ ತಲೆನೋವು. ಹಾಗಾಗಿ ಅವಳ ಲಿಸ್ಟಿಂಗ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ನಾನು ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಸಾಲುಗಳನ್ನು ತುಂಬಿಸುವುದು ಗೊತ್ತು. ಯಾವ ಸಾಲಿನಲ್ಲಿ ಏನು ತುಂಬಿಸಬಾರದು ಅನ್ನುವುದು ಗೊತ್ತಿರಲಿಲ್ಲ.

ಆದದ್ದು ಇಷ್ಟು. ಎರಡು ವಾರ ಮೊದಲು ನಾನು ಮ್ಯಾಪಿನಲ್ಲಿ ಸುಮ್ನೆ ಹುಡುಕುತ್ತಿದ್ದೆ. ಅಕ್ಕನಿಗಿಂತ ಮೇಲೆ ಒಬ್ಬರು ಕಾಣಿಸುತ್ತಿದ್ದರು. ಅವರ ಹೆಸರು ಒಂದು ಹೆಸರಾಗಿರಲಿಲ್ಲ, ಒಂದು ರೈಲು. ಹೆಸರು, ಆಮೇಲೆ ಒಂದು ಗೆರೆ, ಆಮೇಲೆ ಮನೆ ಮಾರಾಟ, ಫ್ಲಾಟ್ ಬಾಡಿಗೆ, ಅತ್ಯುತ್ತಮ ಏಜೆಂಟ್. ಹೆಸರಿನೊಳಗೇ ಹುಡುಕುವ ಪದ ಇದ್ದರೆ ಮೇಲೆ ಬರುತ್ತಾರೆ ಅಂತ ಈ ಕೆಲಸ ಮಾಡುವವರೆಲ್ಲ ಹೇಳುತ್ತಾರೆ. ಅವರು ಮಾಡಬಹುದಾದರೆ ನಾವ್ಯಾಕೆ ಮಾಡಬಾರದು ಅನ್ನಿಸಿತು. ಅಕ್ಕನ ಹೆಸರಿಗೂ ನಾಲ್ಕು ಪದದ ಬಾಲ ಕಟ್ಟಿದೆ. ಮಾರನೇ ದಿನ ಎರಡು ಸ್ಥಾನ ಮೇಲೆ ಬಂದಳು. ಅವತ್ತು ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಹನ್ನೆರಡನೇ ದಿನಕ್ಕೆ ಅಕ್ಕನೇ ಮಾಯ.

ಆಮೇಲೆ ಕೂತು ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ನಿಯಮಗಳನ್ನು ಮೊದಲ ಸಾಲಿನಿಂದ ಓದಿದೆ. (ಕೆಲವರು ಇದನ್ನು ಇನ್ನೂ ಗೂಗಲ್ ಮೈ ಬಿಸಿನೆಸ್ ಅಂತಾರೆ. 2021ರಲ್ಲೇ ಹೆಸರು ಬದಲಾಗಿದೆ.) ಹೆಸರಿನ ಬಗ್ಗೆ ಅಲ್ಲಿರುವುದು ತುಂಬ ಸರಳ. ನಿಮ್ಮ ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನಲ್ಲಿ, ವೆಬ್‌ಸೈಟಿನಲ್ಲಿ ಯಾವ ಹೆಸರಿದೆಯೋ, ಗಿರಾಕಿಗಳು ನಿಮ್ಮನ್ನು ಯಾವ ಹೆಸರಿನಿಂದ ಬಲ್ಲರೋ, ಅದೇ ಹೆಸರು. ಊರಿನ ಹೆಸರು, ಫೋನ್ ನಂಬರ್, ಘೋಷವಾಕ್ಯ, ಮಾಡುವ ಕೆಲಸದ ಪಟ್ಟಿ ಯಾವುದನ್ನೂ ಅದಕ್ಕೆ ಸೇರಿಸುವಂತಿಲ್ಲ.

ಇದನ್ನು ಓದಿದಾಗ ನನಗೆ ಒಂದು ಚಿತ್ರ ಕಣ್ಣ ಮುಂದೆ ಬಂತು. ಯಾರೋ ಒಬ್ಬರು ಮ್ಯಾಪ್ ಹಿಡಿದು ಅಕ್ಕನ ಆಫೀಸಿನ ಬಾಗಿಲಿಗೆ ಬಂದು ನಿಂತಿದ್ದಾರೆ. ಒಮ್ಮೆ ಫೋನ್ ನೋಡುತ್ತಾರೆ, ಒಮ್ಮೆ ಬೋರ್ಡ್ ನೋಡುತ್ತಾರೆ. ಎರಡೂ ಒಂದೇ ಇದ್ದರೆ ಒಳಗೆ ಬರುತ್ತಾರೆ. ಆಮೇಲೆ ಉಳಿದ ನಿಯಮಗಳನ್ನೆಲ್ಲ ನಾನು ಈ ಬಾಗಿಲಲ್ಲಿ ನಿಂತವರ ಕಣ್ಣಿನಿಂದಲೇ ಓದಿದೆ. ಮುಕ್ಕಾಲು ಪಾಲು ನಿಯಮ ತಾನಾಗಿ ಅರ್ಥವಾಯಿತು.

ಏಜೆಂಟರ ವಿಷಯದಲ್ಲಿ ಒಂದು ತೊಡಕಿದೆ. ಅಂಗಡಿಯವರಿಗೆ ಅದಿಲ್ಲ. ಅಂಗಡಿ ಅಂದರೆ ಒಂದು ಬಾಗಿಲು, ಒಂದು ಹೆಸರು. ಏಜೆಂಟ್ ಸಾಮಾನ್ಯವಾಗಿ ಒಂದು ಕಂಪನಿಯ ಸೂರಿನಡಿ ಕೆಲಸ ಮಾಡುತ್ತಾರೆ, ಆದರೆ ಗಿರಾಕಿಗಳು ಬರುವುದು ಅವರ ಹೆಸರು ಕೇಳಿಕೊಂಡು. ಹಾಗಾದರೆ ಲಿಸ್ಟಿಂಗ್ ಕಂಪನಿಯದೋ, ಏಜೆಂಟರದೋ? ಗೂಗಲ್ ಇದಕ್ಕೆ ಒಂದು ಪ್ರತ್ಯೇಕ ಭಾಗವನ್ನೇ ಇಟ್ಟಿದೆ. ವೈದ್ಯರು, ವಕೀಲರು, ವಿಮಾ ಏಜೆಂಟರು, ರಿಯಲ್ ಎಸ್ಟೇಟ್ ಏಜೆಂಟರು ಎಲ್ಲ ಅದರಲ್ಲಿ ಬರುತ್ತಾರೆ. ನೀವು ಜನರನ್ನು ನೇರವಾಗಿ ಭೇಟಿಯಾಗುವವರಾಗಿದ್ದರೆ, ಹೇಳಿದ ಹೊತ್ತಿನಲ್ಲಿ ಆ ವಿಳಾಸದಲ್ಲಿ ಸಿಗುವವರಾಗಿದ್ದರೆ, ನಿಮ್ಮದೇ ಪ್ರೊಫೈಲ್ ಇಟ್ಟುಕೊಳ್ಳಬಹುದು. ಸುಮ್ಮನೆ ಗಿರಾಕಿಗಳ ನಂಬರ್ ಒಟ್ಟು ಮಾಡಿ ಬೇರೆಯವರಿಗೆ ದಾಟಿಸುವವರಿಗೆ ಇಲ್ಲಿ ಜಾಗ ಇಲ್ಲ.

ಒಂದೇ ಆಫೀಸಿನಲ್ಲಿ ಹಲವು ಏಜೆಂಟರಿದ್ದರೆ ಕಂಪನಿಗೆ ಒಂದು ಪ್ರೊಫೈಲ್, ಪ್ರತಿ ಏಜೆಂಟಿಗೆ ಒಂದೊಂದು. ಏಜೆಂಟಿನ ಪ್ರೊಫೈಲಿನಲ್ಲಿ ಏಜೆಂಟಿನ ಹೆಸರು ಮಾತ್ರ ಇರಬೇಕು, ಕಂಪನಿಯ ಹೆಸರು ಸೇರಿಸಬಾರದು. ಆ ಜಾಗದಲ್ಲಿ ಜನರನ್ನು ನೋಡುವ ಏಜೆಂಟ್ ನೀವೊಬ್ಬರೇ ಆಗಿದ್ದು, ಒಂದು ಬ್ರ್ಯಾಂಡಿನ ಪರವಾಗಿ ಕೂತಿದ್ದರೆ ಲೆಕ್ಕ ಬೇರೆ. ಆಗ ಎರಡಕ್ಕೂ ಸೇರಿ ಒಂದೇ ಪ್ರೊಫೈಲ್ ಇಟ್ಟುಕೊಳ್ಳಿ, ಮೊದಲು ಕಂಪನಿಯ ಹೆಸರು, ಕೋಲನ್, ಆಮೇಲೆ ನಿಮ್ಮ ಹೆಸರು ಬರೆಯಿರಿ ಎನ್ನುತ್ತದೆ ನಿಯಮ. ಅಕ್ಕನ ಆಫೀಸಿನಲ್ಲಿ ಐದು ಜನ ಏಜೆಂಟರಿದ್ದಾರೆ. ಹಾಗಾಗಿ ಅವಳ ಹೆಸರಷ್ಟೇ. ಬಾಲವನ್ನೂ ತೆಗೆದೆ, ಅದರ ಹಿಂದೆ ಮೊದಲಿಂದಲೂ ಇದ್ದ ಕಂಪನಿಯ ಹೆಸರನ್ನೂ ತೆಗೆದೆ.

ಅಕ್ಕ ಅಲ್ಲೇ ತಡೆದಳು. "ಏಜೆಂಟ್ ಜಾಹೀರಾತು ಕೊಟ್ಟರೆ ಅದರಲ್ಲಿ ಕಂಪನಿ ಹೆಸರು ಇರಲೇಬೇಕು. ಲೈಸೆನ್ಸ್ ಕೊಡುವವರ ರೂಲ್ಸ್ ಅದು. ನೀನು ತೆಗೆದರೆ ನಾಳೆ ನೋಟಿಸ್ ಬರೋದು ನನಗೆ."

ಅವಳು ಹೇಳಿದ್ದು ಸರಿ. ಅನೇಕ ಕಡೆ ಏಜೆಂಟರ ಜಾಹೀರಾತಿನಲ್ಲಿ ಯಾವ ಬ್ರೋಕರ್ ಕಂಪನಿಯಡಿ ಕೆಲಸ ಮಾಡುತ್ತಾರೆ ಅನ್ನುವುದು, ಕೆಲವು ಕಡೆ ಲೈಸೆನ್ಸ್ ನಂಬರ್ ಕೂಡ, ಕಾಣುವಂತೆ ಇರಬೇಕು. ಒಂದು ಕಡೆ ಗೂಗಲ್ ಹಾಕಬೇಡ ಅನ್ನುತ್ತದೆ, ಇನ್ನೊಂದು ಕಡೆ ಕಾನೂನು ಹಾಕು ಅನ್ನುತ್ತದೆ. ಬಹಳ ಏಜೆಂಟರು ಎಡವುವುದು ಈ ಸಂದಿಯಲ್ಲೇ. ಆದರೆ ಕಾನೂನು ‘ಹೆಸರಿನ ಸಾಲಿನಲ್ಲೇ ಹಾಕು’ ಅಂತ ಹೇಳಿರಲಿಲ್ಲ, ಜಾಹೀರಾತಿನಲ್ಲಿ ಇರಲಿ ಅಂದಿತ್ತು ಅಷ್ಟೇ. ಪ್ರೊಫೈಲಿನಲ್ಲಿ ವಿವರಣೆ ಬರೆಯಲು 750 ಅಕ್ಷರಗಳ ಜಾಗ ಇದೆ. ಅದರ ಮೊದಲ ವಾಕ್ಯದಲ್ಲೇ ಕಂಪನಿಯ ಪೂರ್ತಿ ಹೆಸರು, ಅಕ್ಕ ಅದರ ಲೈಸೆನ್ಸ್ ಪಡೆದ ಏಜೆಂಟ್ ಅನ್ನುವುದು, ಲೈಸೆನ್ಸ್ ನಂಬರು ಬರೆದೆ. ಕವರ್ ಫೋಟೋಗೆ ಕಂಪನಿಯ ಬೋರ್ಡ್ ಕಾಣುವ ಚಿತ್ರ ಹಾಕಿದೆ. ವೆಬ್‌ಸೈಟ್ ಲಿಂಕ್ ಕಂಪನಿಯ ಸೈಟಿನಲ್ಲಿರುವ ಅವಳದೇ ಪುಟಕ್ಕೆ ಕೊಟ್ಟೆ. ಇಷ್ಟು ಸಾಕಾ ಅಂತ ಅಕ್ಕ ಅವಳ ಕಂಪನಿಯ ಮುಖ್ಯಸ್ಥರನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ತಗೊಂಡಳು. ನೀವೂ ಹಾಗೆ ಕೇಳಿ. ನಿಯಮ ಒಂದೊಂದು ಕಡೆ ಒಂದೊಂದು ಥರ.

ಹೆಸರು ಸರಿ ಮಾಡಿ, ಪ್ರೊಫೈಲ್ ವಾಪಸ್ ಕೊಡಿ ಅಂತ ಗೂಗಲ್‌ಗೆ ಅಪೀಲ್ ಹಾಕೋಣ ಅಂತ ಹೊರಟವಳಿಗೆ ಅಕೌಂಟಿನಲ್ಲಿ ಇನ್ನೂ ಮೂರು ಹೆಣ ಸಿಕ್ಕಿದವು. ನನಗಿಂತ ಮೊದಲು ಅಕ್ಕನ ಮಾರ್ಕೆಟಿಂಗ್ ನೋಡುತ್ತಿದ್ದವರೊಬ್ಬರು ಮಾಡಿಟ್ಟು ಹೋಗಿದ್ದ ಲಿಸ್ಟಿಂಗ್‌ಗಳು. ಒಂದರಲ್ಲಿ ಅಕ್ಕ ಬಾಡಿಗೆ ಮನೆಗಳ ತಜ್ಞೆ. ಇನ್ನೊಂದರಲ್ಲಿ ಬಂಗಲೆಗಳ ತಜ್ಞೆ. ಮೂರನೆಯದು ಮಾರಾಟಕ್ಕಿದ್ದ ಒಂದು ಫ್ಲಾಟಿನ ವಿಳಾಸಕ್ಕೇ ಮಾಡಿದ್ದು. ಆ ಫ್ಲಾಟ್ ಮಾರಾಟವಾಗಿ ಎರಡು ವರ್ಷ ಆಗಿದೆ. ಅಲ್ಲಿ ಈಗ ಯಾರೋ ಸಂಸಾರ ಮಾಡುತ್ತಿದ್ದಾರೆ, ಮ್ಯಾಪಿನ ಪ್ರಕಾರ ಮಾತ್ರ ಅದು ಅಕ್ಕನ ಆಫೀಸು! ಆ ಮನೆಯವರ ಬಾಗಿಲು ಎಷ್ಟು ಜನ ತಟ್ಟಿದ್ದಾರೋ ಏನೋ.

ಮೂರೂ ತಪ್ಪು. ಒಬ್ಬ ಏಜೆಂಟ್ ತನ್ನ ಒಂದೊಂದು ವಿಶೇಷತೆಗೆ ಒಂದೊಂದು ಪ್ರೊಫೈಲ್ ಮಾಡುವಂತಿಲ್ಲ. ಮಾರಾಟಕ್ಕೋ ಬಾಡಿಗೆಗೋ ಇರುವ ಮನೆ, ಖಾಲಿ ಫ್ಲಾಟ್, ಮಾದರಿ ಮನೆ ಇವಕ್ಕೆ ಪ್ರೊಫೈಲ್ ಇಲ್ಲ. ಅಲ್ಲೇ ಸಿಬ್ಬಂದಿ ಕೂರುವ ಮಾರಾಟದ ಆಫೀಸ್ ಇದ್ದರೆ ಆ ಆಫೀಸಿಗೆ ಇಡಬಹುದು. ಅಪೀಲಿಗೆ ಮೊದಲೇ ಈ ಮೂರನ್ನೂ ತೆಗೆಸಿದೆ. ನೀವೂ ಬೇರೆಯವರ ಕೈಗೆ ಲಿಸ್ಟಿಂಗ್ ಕೊಟ್ಟಿದ್ದರೆ ಈಗಲೇ ಒಳಗೆ ಹೋಗಿ ಪ್ರೈಮರಿ ಓನರ್ (ಪ್ರೊಫೈಲಿನ ಮುಖ್ಯ ಒಡೆಯರು) ಯಾರಿದ್ದಾರೆ ಅಂತ ನೋಡಿ. ಅದು ನೀವೇ ಆಗಿರಬೇಕು, ಅವರು ಮ್ಯಾನೇಜರ್ ಆಗಿದ್ದರೆ ಸಾಕು. ಅಕ್ಕನದು ಪುಣ್ಯಕ್ಕೆ ಅವಳ ಹೆಸರಿನಲ್ಲೇ ಇತ್ತು.

ವಿಳಾಸದ್ದು ಬೇರೆಯೇ ಕಥೆ. ಅಕ್ಕ ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಮಾಡುತ್ತಾಳೆ, ಮನೆ ವಿಳಾಸ ಹಾಕಿದರೆ ಅಕ್ಕಪಕ್ಕದವರು ಹುಡುಕಿದಾಗಲೂ ಕಾಣಿಸುತ್ತದೆ ಅಂತ ಅವಳಿಗೆ ಆಸೆ. ಗಿರಾಕಿಗಳನ್ನು ಮನೆಗೆ ಕರೆಸಿಕೊಳ್ಳುವುದಿಲ್ಲ ಅಂದ ಮೇಲೆ ಆ ವಿಳಾಸ ಹೊರಗೆ ತೋರಿಸುವಂತಿಲ್ಲ. ಪೂರ್ತಿ ಮನೆಯಿಂದಲೇ ಕೆಲಸ ಮಾಡುವ ಏಜೆಂಟರು ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ಹಾಕಬಹುದು. ಹೆಚ್ಚೆಂದರೆ 20 ಪ್ರದೇಶ. ಇರುವ ಜಾಗದಿಂದ ಸುಮಾರು ಎರಡು ಗಂಟೆ ಡ್ರೈವಿಂಗ್ ದೂರದೊಳಗೆ ಇರಲಿ ಅನ್ನುತ್ತಾರೆ. ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ. ಕೋ-ವರ್ಕಿಂಗ್ ಜಾಗದಲ್ಲಿ ಒಂದು ಕುರ್ಚಿ ಬಾಡಿಗೆಗೆ ಹಿಡಿದವರಿಗೂ ಕಷ್ಟವೇ. ಅಲ್ಲಿ ನಿಮ್ಮ ಬೋರ್ಡ್ ಇರಬೇಕು, ಕೆಲಸದ ಹೊತ್ತಿನಲ್ಲಿ ನಿಮ್ಮದೇ ಜನ ಇರಬೇಕು, ಗಿರಾಕಿ ಬಂದರೆ ಮಾತಾಡಿಸಬೇಕು. ಮತ್ತೆ ಅದೇ, ಬಾಗಿಲಲ್ಲಿ ನಿಂತವರ ಲೆಕ್ಕ.

ಸಮಯವನ್ನೂ ಅದೇ ಕಣ್ಣಿನಿಂದ ತಿದ್ದಿದೆ. ಅಲ್ಲಿಯವರೆಗೆ ‘24 ಗಂಟೆ’ ಅಂತ ಇತ್ತು. ಅಕ್ಕ ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುತ್ತಾಳೆ, ನಿಜ. ಹಾಗಂತ ರಾತ್ರಿ ಹನ್ನೊಂದಕ್ಕೆ ಆಫೀಸಿಗೆ ಬಂದವರಿಗೆ ಬೀಗವೇ ಸಿಗುವುದು. ವೆಬ್‌ಸೈಟ್ ಲಿಂಕ್ ನೋಡಿದಾಗ ನಗು ಬಂತು. ಮೊದಲಿದ್ದದ್ದು ಗೂಗಲ್ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದ ಪುಟ. 2024ರ ಮಾರ್ಚ್‌ನಲ್ಲಿ ಆ ಪುಟಗಳನ್ನೆಲ್ಲ ನಿಲ್ಲಿಸಿದ್ದಾರೆ. ಅಷ್ಟು ಕಾಲ ಅಕ್ಕನ ಲಿಸ್ಟಿಂಗ್ ಸತ್ತ ಪುಟಕ್ಕೆ ದಾರಿ ತೋರಿಸುತ್ತಿತ್ತು, ಮನೆಯಲ್ಲಿ ಯಾರೂ ಒತ್ತಿ ನೋಡಿರಲಿಲ್ಲ. ನಾನೂ ಸೇರಿ.

ಇನ್ನು ಅಪೀಲ್. ಇಲ್ಲಿ ಅವಸರ ಮಾಡಿದವರೇ ಜಾಸ್ತಿ ಕೆಡಿಸಿಕೊಳ್ಳುವುದು. ಹಳೆಯದು ಹೋಯಿತು ಅಂತ ಹೊಸ ಪ್ರೊಫೈಲ್ ಮಾಡುವ ಆಸೆ ನನಗೂ ಬಂದಿತ್ತು, ಐದು ನಿಮಿಷದ ಕೆಲಸ ಅಲ್ವಾ. ಮಾಡಲಿಲ್ಲ, ಒಳ್ಳೆಯದಾಯಿತು. ಮಾಡಿದ್ದರೆ ಅದು ಒಬ್ಬರಿಗೇ ಎರಡನೇ ಲಿಸ್ಟಿಂಗ್ ಅಂತ ಲೆಕ್ಕಕ್ಕೆ ಬರುತ್ತಿತ್ತು. ಮೊದಲು ತಪ್ಪು ಸರಿ ಮಾಡಿ, ಆಮೇಲೆ ಅಪೀಲ್ ಮಾಡಬೇಕು. ಅಪೀಲಿನಲ್ಲಿ ದಾಖಲೆ ಸೇರಿಸುವ ಪುಟ ತೆರೆದ ಮೇಲೆ 60 ನಿಮಿಷದೊಳಗೆ ಎಲ್ಲ ಕಳುಹಿಸಿ ಮುಗಿಸಬೇಕು. ಇದು ಗೊತ್ತಿಲ್ಲದೆ ಪುಟ ತೆರೆದಿಟ್ಟು ಬೀರುವಿನಲ್ಲಿ ಕಾಗದ ಹುಡುಕಲು ಹೋದರೆ ಕಥೆ ಮುಗಿಯಿತು.

ನಾನು ಮೊದಲೇ ಎಲ್ಲ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡೆ. ಅಲ್ಲೂ ಒಂದು ಗಂಟು ಬಿತ್ತು. ಆಫೀಸಿನ ಕರೆಂಟ್ ಬಿಲ್ ಇರುವುದು ಕಂಪನಿಯ ಹೆಸರಿನಲ್ಲಿ. ಅಕ್ಕನ ಹೆಸರಿರುವ ಬಿಲ್ ಎಲ್ಲ ಮನೆ ವಿಳಾಸದ್ದು. ಹೆಸರು ಮತ್ತು ವಿಳಾಸ ಎರಡೂ ಪ್ರೊಫೈಲಿಗೆ ಹೆಚ್ಚುಕಡಿಮೆ ಹೊಂದುವ ಕಾಗದ ಅಂದರೆ ಒಂದೇ ಒಂದು, ಅವಳ ಏಜೆಂಟ್ ಲೈಸೆನ್ಸು. ಆದರೆ ಅದರಲ್ಲಿ ಅವಳ ಪೂರ್ತಿ ಹೆಸರಿದೆ, ಬೋರ್ಡಿನಲ್ಲಿ ಚಿಕ್ಕದು ಮಾಡಿದ ಹೆಸರು. ಹಾಗಾಗಿ ಲೈಸೆನ್ಸಿನ ಜೊತೆ ಬೋರ್ಡಿನ ಫೋಟೋ, ವಿಸಿಟಿಂಗ್ ಕಾರ್ಡ್, ಅವಳು ಅಲ್ಲಿ ಕೆಲಸ ಮಾಡುತ್ತಾಳೆ ಅನ್ನುವ ಕಂಪನಿಯ ಪತ್ರ ಎಲ್ಲ ಸೇರಿಸಿದೆ. ಏನು ತಪ್ಪಾಗಿತ್ತು, ಏನು ಸರಿ ಮಾಡಿದ್ದೇವೆ ಅಂತ ನಾಲ್ಕು ಸಾಲು ಬರೆದೆ. ‘ನಮಗೆ ಗೊತ್ತೇ ಇರಲಿಲ್ಲ’ ಅಂತೆಲ್ಲ ಅಳಲಿಲ್ಲ.

ಪ್ರೊಫೈಲ್ ವಾಪಸ್ ಬಂತು, ವೀಡಿಯೋ ತೆಗೆದು ಮತ್ತೆ ವೆರಿಫೈ ಮಾಡಿ ಅಂತ ಒಂದು ಚೀಟಿಯೂ ಬಂತು. ಕಟ್ ಮಾಡದ ಒಂದೇ ವೀಡಿಯೋ, ಕನಿಷ್ಠ 30 ಸೆಕೆಂಡ್. ರಸ್ತೆಯ ಫಲಕವೋ ಪಕ್ಕದ ಕಟ್ಟಡವೋ ಕಂಡು ಜಾಗ ಗುರುತು ಸಿಗಬೇಕು, ನಿಮ್ಮ ಬೋರ್ಡ್ ಕಾಣಬೇಕು, ಒಳಗೆ ಹೋಗುವ ಅಧಿಕಾರ ನಿಮಗಿದೆ ಅಂತ ತೋರಿಸಬೇಕು. ಜನರ ಮುಖ, ಗುಟ್ಟಿನ ಕಾಗದ ಬರಬಾರದು. ಮೊದಲ ಸಲ ನಾನು ಓಡಿದ ಹಾಗೆ ನಡೆದೆ, ಬೋರ್ಡ್ ಮಸುಕಾಯಿತು. ಎರಡನೇ ಸಲ ಚೆನ್ನಾಗಿ ಬಂತು ಅಂದುಕೊಳ್ಳುವಾಗ ಅಕ್ಕನ ಸಹೋದ್ಯೋಗಿಯೊಬ್ಬರು ಬಾಗಿಲು ತೆರೆದು "ಏನ್ ಶೂಟಿಂಗಾ?" ಅಂತ ನೇರ ಕ್ಯಾಮೆರಾ ನೋಡಿದರು. ಮೂರನೇ ಸಲ ಭಾನುವಾರ ಹೋದೆವು. ಅಕ್ಕ ಬೀಗ ತೆಗೆಯುವ ಕೈ ಮಾತ್ರ ಕಾಣುವ ಹಾಗೆ, ನಿಧಾನಕ್ಕೆ, ರಸ್ತೆಯಿಂದ ಅವಳ ಮೇಜಿನವರೆಗೆ. ಮೇಜಿನ ಮೇಲಿದ್ದ ಕ್ರಯಪತ್ರದ ಕರಡನ್ನು ಡ್ರಾಯರಿಗೆ ತಳ್ಳಿ ಆಮೇಲೆ ಚಿತ್ರ ತೆಗೆದೆ. ಅದು ಪಾಸಾಯಿತು.

ಹಳೆಯ ರಿವ್ಯೂಗಳು ಪ್ರೊಫೈಲ್ ಜೊತೆಗೇ ವಾಪಸ್ ಬಂದವು. ಆ ಖುಷಿಯಲ್ಲಿ ಅಕ್ಕನಿಗೆ ಹೊಸ ಐಡಿಯಾ. ಮನೆ ಕೊಂಡವರಿಗೆ ಒಂದು ಸಣ್ಣ ಉಡುಗೊರೆ ಕೊಟ್ಟು ಐದು ಸ್ಟಾರ್ ಬರೆಸೋಣ, ಅತ್ತಿಗೆ, ಚಿಕ್ಕಪ್ಪನ ಮಗ, ನೀನು, ಎಲ್ಲ ಒಂದೊಂದು ಬರೆಯಿರಿ ಅಂದಳು. ಎರಡೂ ಆಗುವುದಿಲ್ಲ ಅಂದೆ. ಏನಾದರೂ ಕೊಟ್ಟು ರಿವ್ಯೂ ಬರೆಸುವುದು ನಿಷಿದ್ಧ. ಮನೆಯವರು, ಕೆಲಸದವರು ಬರೆಯುವುದು ಸ್ವಹಿತಾಸಕ್ತಿ. ಅಮೆರಿಕದಲ್ಲಂತೂ ನಕಲಿ ರಿವ್ಯೂಗಳ ವಿರುದ್ಧ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮವೇ 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ, ದಂಡ ಹಾಕುತ್ತಾರೆ. "ಸರಿ, ಖುಷಿಯಾದವರಿಗೆ ಮಾತ್ರ ಲಿಂಕ್ ಕಳಿಸ್ತೀನಿ" ಅಂದಳು. ಅದೂ ಇಲ್ಲ! ಒಳ್ಳೆಯದು ಬರೆಯುವವರನ್ನೇ ಆರಿಸಿ ಕೇಳಬಾರದು. ಕೇಳಿದರೆ ಎಲ್ಲರನ್ನೂ ಕೇಳಬೇಕು. ಅಕ್ಕ ಸ್ವಲ್ಪ ಹೊತ್ತು ನನ್ನನ್ನೇ ಗೂಗಲ್ ಅನ್ನುವ ಹಾಗೆ ನೋಡಿದಳು.

ಒಂದು ಸ್ಟಾರಿನ ರಿವ್ಯೂ ಒಂದಿತ್ತು. ಮನೆ ಕೈತಪ್ಪಿದ ಸಿಟ್ಟಿಗೆ ಒಬ್ಬರು ಬರೆದದ್ದು. ಅಕ್ಕ ಅದಕ್ಕೆ ಉದ್ದದ ಉತ್ತರ ತಯಾರು ಮಾಡಿದ್ದಳು. ಅವರಿಗೆ ಸಾಲ ಸಿಗಲಿಲ್ಲ, ಹೇಳಿದ ದಿನಕ್ಕೆ ದುಡ್ಡು ತರಲಿಲ್ಲ, ಇತ್ಯಾದಿ. ಎಲ್ಲ ನಿಜವೇ ಇರಬಹುದು. ಆದರೆ ಗಿರಾಕಿಯೊಬ್ಬರ ಸಾಲದ ವಿಷಯವನ್ನು ಊರಿಗೆಲ್ಲ ಕಾಣುವ ಜಾಗದಲ್ಲಿ ಬರೆಯುವ ಏಜೆಂಟ್ ಹತ್ತಿರ ಮುಂದಿನ ಗಿರಾಕಿ ಬರುತ್ತಾರಾ? ಎರಡು ಸಾಲಿನ ಉತ್ತರ ಹಾಕಿದೆವು. ಬೇಸರವಾಗಿದ್ದಕ್ಕೆ ಕ್ಷಮೆ ಇರಲಿ, ಆಫೀಸಿಗೆ ಫೋನ್ ಮಾಡಿ, ಮಾತಾಡೋಣ. ಉದ್ದದ್ದನ್ನು ಅಕ್ಕ ನನಗೆ ಓದಿ ಹೇಳಿ ಸಮಾಧಾನ ಮಾಡಿಕೊಂಡಳು.

ಪ್ರೊಫೈಲಿನಲ್ಲಿ ಮನೆಗಳ ಬಗ್ಗೆ ಹಾಕುವ ಪೋಸ್ಟ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ಒಂದು ಮನೆಗೆ ನಾನು ‘ಚಿಕ್ಕ ಸಂಸಾರಕ್ಕೆ ಹೇಳಿ ಮಾಡಿಸಿದ ಮನೆ’ ಅಂತ ಬರೆದಿದ್ದೆ. ಚೆನ್ನಾಗಿದೆ ಅಂತಲೇ ನನ್ನ ಭಾವನೆ. ಅಕ್ಕ ಈ ಸಲ ನನಗೆ ಪಾಠ ಹೇಳಿದಳು. ಇಂಥವರಿಗೆ ಮನೆ ಇದೆ, ಇಂಥವರಿಗೆ ಇಲ್ಲ ಅಂತ ಅನ್ನಿಸುವ ಒಂದು ಪದವೂ ಜಾಹೀರಾತಿನಲ್ಲಿ ಇರಬಾರದು ಅನ್ನುವ ಕಾನೂನುಗಳಿವೆ. ಅಮೆರಿಕದ 1968ರ ಫೇರ್ ಹೌಸಿಂಗ್ ಆ್ಯಕ್ಟ್ ಅಂಥದ್ದು, ಮಕ್ಕಳಿರುವ ಕುಟುಂಬಗಳನ್ನು ಅದಕ್ಕೆ 1988ರಲ್ಲಿ ಸೇರಿಸಿದರು. "ಮನೆ ಬಗ್ಗೆ ಬರಿ, ಬರೋರ ಬಗ್ಗೆ ಬರೀಬೇಡ" ಅಂದಳು ಅಕ್ಕ. ‘ಎರಡು ಕೋಣೆ, ಪೂರ್ವಕ್ಕೆ ಬಾಲ್ಕನಿ’ ಅಂತ ತಿದ್ದಿದೆ. ಮಾರಾಟವಾದ ಮನೆಯ ಪೋಸ್ಟನ್ನು ಅದೇ ದಿನ ತೆಗೆಯುವುದೂ ಈಗ ರೂಢಿಯಾಗಿದೆ.

ಈಗ ಪ್ರತಿ ತಿಂಗಳ ಮೊದಲ ಶನಿವಾರ ನಾನು ಲಾಗಿನ್ ಆಗದೆ, ಹೊರಗಿನವಳ ಹಾಗೆ ಅಕ್ಕನ ಲಿಸ್ಟಿಂಗ್ ನೋಡುತ್ತೇನೆ. ಯಾರು ಬೇಕಾದರೂ ‘ತಿದ್ದುಪಡಿ ಸೂಚಿಸಿ’ ಒತ್ತಿ ಬದಲಾವಣೆ ಕಳುಹಿಸಬಹುದು, ಕೆಲವು ಸಲ ಅದು ನಮಗೆ ತಿಳಿಯುವ ಮೊದಲೇ ಜಾರಿಯಾಗಿರುತ್ತದೆ. ಹೋದ ತಿಂಗಳು ಅಕ್ಕ ಶುಕ್ರವಾರ ರಜೆ ಅಂತ ಆಗಿತ್ತು. ಯಾರು ಮಾಡಿದರೋ.

ಆ ರೈಲು ಹೆಸರಿನವರು ಇನ್ನೂ ಮೇಲೇ ಇದ್ದಾರೆ. ಹೆಸರು ಸರಿ ಇಲ್ಲ ಅಂತ ಅದೇ ಗುಂಡಿ ಒತ್ತಿ ಸೂಚಿಸಬಹುದು, ದೂರು ಕೊಡಲು ಬೇರೆ ಫಾರಂ ಕೂಡ ಇದೆ. ಹೋದ ಶನಿವಾರ ಆ ಪುಟ ತೆರೆದು, ಅಕ್ಕನ ಕಡೆ ಫೋನ್ ತಿರುಗಿಸಿ, "ಕಳಿಸಲಾ?" ಅಂದೆ.

ಅಕ್ಕ ಓದಿದಳು. ಆ ಉದ್ದದ ಹೆಸರನ್ನು ಇನ್ನೊಂದು ಸಲ ಓದಿದಳು.

"ಬೇಡ ಬಿಡೇ" ಅಂದಳು. "ಪಾಪ, ಅವರಿಗೂ ಒಬ್ಬಳು ತಂಗಿ ಇರಬಹುದು."